ಸವಡಿಯಿಂದ ರೋಣಕ್ಕೆ ಒಂದು ನಿಂಬೆಹಣ್ಣು

ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಲು ಕುಳಿತಿದ್ದೆ. ಈಳಿಗೆಗೆ ಹಣ್ಣು ಒತ್ತಿದ ಕೂಡಲೇ ರಸ ಚಿಮ್ಮಿ ಬೆರಳಿನ ಗೀರಿಗೆ ಹತ್ತಿ ಚುರ್ ಎಂದಿತು. ವಾಸನೆ ಮೂಗಿಗೆ ಏರಿತು. ಈ ವಾಸನೆ ಬಂದರೆ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದಂತೆ. ನನಗೆ ಬಹಳ ವರ್ಷ ಒಂದು ಬಲದೋಳು ನೆನಪಾಗುತ್ತಿತ್ತು. ನನ್ನದಲ್ಲ, ನಮ್ಮ ಮನೆಯವರದು. ಎರಡು ವರ್ಷದಿಂದ ಅದರ ಜೊತೆಗೆ ಮೊಮ್ಮಗಳು ಭಾಗ್ಯಾಳ ಕಂಪ್ಯೂಟರೂ ನೆನಪಾಗುತ್ತದೆ.

ನಿಂಬೆಹಣ್ಣಿಗೂ ಕಂಪ್ಯೂಟರಿಗೂ ಏನು ಸಂಬಂಧ ಎನ್ನುತ್ತೀರಿ. ಅದನ್ನು ಹೇಳಲೆಂದೇ ಈಳಿಗೆ ಮಡಚಿಟ್ಟು ಕೈ ಒರೆಸಿಕೊಂಡು ಬಂದಿದ್ದೇನೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ದೀರ್ಘ, ಒತ್ತು ತಪ್ಪಿದರೆ ಭಾಗ್ಯಾ ತಿದ್ದಲಿ, ಮಾತು ಮಾತ್ರ ಮುಟ್ಟಬಾರದು ಎಂದು ಹೇಳಿಟ್ಟಿದ್ದೇನೆ. ಓದುವ ನೀವೂ ಸ್ವಲ್ಪ ತಾಳಿಕೊಳ್ಳಿ. ಮಾತಾಡುವಾಗ ನಾನು ಅತ್ತಿತ್ತ ಹೋಗುತ್ತೇನೆ, ಆದರೆ ಮನೆಗೆ ಬರುತ್ತೇನೆ.

ನಮ್ಮ ಮೂಲ ಊರು ಸವಡಿ. ಮಗ ಈರಣ್ಣ ರೋಣದಲ್ಲಿ ಬೀಜ, ಗೊಬ್ಬರದ ಅಂಗಡಿ ಹಾಕಿದ ಮೇಲೆ ನಾವೆಲ್ಲ ಇಲ್ಲಿಗೆ ಬಂದೆವು. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಒಂದು ಖೋಲಿ. ಆ ಖೋಲಿಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ. ಹಾಗಾಗಿ ಮೊಣಕಾಲು ಎಷ್ಟೇ ಬೈದುಕೊಂಡರೂ ಮಧ್ಯಾಹ್ನ ನಾನು ಮೆಟ್ಟಿಲು ಹತ್ತಿ ಅಲ್ಲೇ ಅಡ್ಡಾಗುತ್ತಿದ್ದೆ. ಭಾಗ್ಯಾ ಕಂಪ್ಯೂಟರಿನ ಕಾಲೇಜು ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಫೋನಿನಲ್ಲಿ ಎಲ್ಲರೂ ಆಡುತ್ತಾರಲ್ಲ, ಅಂಥ ಆಟಗಳನ್ನು ತಾನೇ ತಯಾರು ಮಾಡುತ್ತೇನೆ ಎಂದು ಹಟ ಹಿಡಿದಿದ್ದಳು.

"ಆಡೋದ ಬ್ಯಾರೆ, ಮಾಡೋದ ಬ್ಯಾರೆ ಆಯಿ," ಎನ್ನುತ್ತಿದ್ದಳು.

"ಹೌದೇನು? ಮಾಡಿದ್ದ ಎಲ್ಲೈತಿ, ತೋರಸು."

ತೋರಿಸಿದಳು. ಒಂದು ಕೋಟೆ. ಅರ್ಧ ನರಗುಂದದ ಗುಡ್ಡ, ಅರ್ಧ ಗಜೇಂದ್ರಗಡದ ಗುಡ್ಡ, ಎರಡನ್ನೂ ಕೂಡಿಸಿ ಹೊಲಿದಂತೆ ಇತ್ತು. ಅದರಲ್ಲಿ ಸೈನ್ಯ ಬರಬೇಕಂತೆ, ತೋಪು ಹಾರಬೇಕಂತೆ, ಕೋಟೆಯ ಕೆಳಗೆ ಸಂತೆ ಇರಬೇಕಂತೆ, ಸಂತೆಯಲ್ಲಿ ಸೀರೆ ಮಾರಬೇಕಂತೆ, ಮಳೆ ಬಂದರೆ ಸೀರೆ ಒದ್ದೆಯಾಗಬೇಕಂತೆ. ಒಂದು ವರ್ಷದ ಮೇಲೆ ಅವಳು ಅದಕ್ಕೆ ಮೈ ಸವೆಸಿದ್ದಳು. ಅಷ್ಟರಲ್ಲಿ ಆಗಿದ್ದು ಒಂದು ಕುದುರೆ. ಅದೂ ಗೋಡೆಯೊಳಗೆ ಹೊಕ್ಕು ನಿಂತಿತ್ತು. ಹಿಂದಿನ ಎರಡು ಕಾಲು, ಬಾಲ ಮಾತ್ರ ಹೊರಗೆ.

"ಇದ್ಯಾಕ ಗ್ವಾಡಿ ಹೊಕ್ಕೈತಿ?"

"ಗ್ವಾಡಿ ಐತಿ ಅಂತ ಅದಕ್ಕ ಗೊತ್ತಾಗವಲ್ದು ಆಯಿ. ಅದನ್ನ ತಿಳಿಸಿ ಹೇಳಬೇಕು."

"ಮದಲ ಅದಕ್ಕ ತಿಳಿಸಿ ಹೇಳು. ಆಮ್ಯಾಲ ಸೀರಿ ತೋಯಿಸು."

ಅವಳಿಗೆ ಸಿಟ್ಟು ಬಂತು. ನನ್ನ ತವರು ನರಗುಂದ. ಗುಡ್ಡದ ತುದಿಯಲ್ಲಿ ಏನೇನಿದೆ ಹೇಳು, ಅದನ್ನೆಲ್ಲ ಆಟದಲ್ಲಿ ಹಾಕಬೇಕು ಎಂದು ಕೇಳಿದಳು. ನಾನು ಆ ಗುಡ್ಡದ ಬುಡದಲ್ಲೇ ಹುಟ್ಟಿ, ಅದರ ನೆರಳಲ್ಲೇ ಸಗಣಿ ಆರಿಸಿ ದೊಡ್ಡವಳಾದೆ. ತುದಿಗೆ ಒಮ್ಮೆಯೂ ಹೋದವಳಲ್ಲ. ಒಂದು ಸಲ ಓಣಿಯವರೆಲ್ಲ ಹೊರಟಾಗ ನಾನೂ ಹೊರಟಿದ್ದೆ. ನಡುವೆ ಒಂದು ಬಂಡೆ ನೆರಳಾಗಿತ್ತು, ಬುತ್ತಿಯ ಗಂಟು ನನ್ನ ಕೈಯಲ್ಲೇ ಇತ್ತು. ಅಲ್ಲೇ ಕುಳಿತು ಅರ್ಧ ಬುತ್ತಿ ತಿಂದೆ, ಉಳಿದವರು ಇಳಿದು ಬಂದಾಗ ಅವರ ಕೂಡ ನಾನೂ ಇಳಿದೆ. ಇದನ್ನು ಹೇಳಿದಾಗ ಭಾಗ್ಯಾ ನಗಲೂ ಇಲ್ಲ. ಗೋಡೆಯೊಳಗಿನ ಕುದುರೆಯನ್ನೇ ನೋಡುತ್ತ ಉಗುರು ಕಚ್ಚುತ್ತಿದ್ದಳು.

ಆಗಲೇ ಮೆಟ್ಟಿಲ ಮೇಲೆ ಈರಣ್ಣನ ಹೆಜ್ಜೆ ಕೇಳಿಸಿತು. ಅವನು ಮೇಲೆ ಬರುವುದೇ ಅಪರೂಪ. ಬಾಗಿಲಲ್ಲೇ ನಿಂತ. ಕುಳಿತುಕೊಳ್ಳಲಿಲ್ಲ. ಗಿರಾಕಿಗೆ ಉದ್ದರಿ ಇಲ್ಲ ಎಂದು ಹೇಳುವ ದನಿಯಲ್ಲಿ ಹೇಳಿದ.

"ಅವ್ವ, ನೀನೂ ಇದ್ದೀ, ಚಲೋ ಆತು, ಕೇಳು. ಪಂಚಮಿಗೆ ಎಲ್ಲಾರೂ ಮನಿಗೆ ಬರ್ತಾರ. ಅವತ್ತು ಈಕಿ ಒಂದ ಆಟ ತೋರಿಸಬೇಕು. ಮನ್ಯಾಗಿನವರು ಯಾರ ಹಿಡಿದ್ರೂ ಮೊದಲಿಂದ ಕಡೀತನಕಾ ಆಡಿ ಮುಗಿಸುವಂಥಾದ್ದು. ತೋರಿಸಿದ್ಲು ಅಂದ್ರ ನಾ ಬಾಯಿ ಬಿಡಂಗಿಲ್ಲ. ಇಲ್ಲಂದ್ರ ಈ ಕಂಪ್ಯೂಟರ್ ಕೆಳಗ ಅಂಗಡಿಗೆ, ಈಕಿ ನರಗುಂದಕ್ಕ ಬಿ.ಎಡ್‌ಗೆ. ಅರ್ಜಿಗೆ ಕಡೀ ದಿನ ಪಂಚಮಿ ಮರುದಿನಾನ ಐತಿ."

"ಅಷ್ಟರಾಗ ಹ್ಯಾಂಗ ಆಕ್ಕೈತಪ್ಪಾ?" ಎಂದಳು ಭಾಗ್ಯಾ.

"ಅದನ್ನ ನಾ ನಿನಗ ಕೇಳಾಕತ್ತೀನಿ."

ಇಳಿದು ಹೋದ. ಮಗ ಹೇಳಿದ್ದು ತಪ್ಪು ಎಂದು ನನಗೇನೂ ಅನಿಸಲಿಲ್ಲ. ಅಂಗಡಿಯವನಿಗೆ ಮಾಲು ಕಣ್ಣಿಗೆ ಕಾಣಬೇಕು. ಸಾಲೆ ಕಲಿಸುವುದೂ ಹಲ್ಕಾ ಕೆಲಸವಲ್ಲ. ಭಾಗ್ಯಾ ಅಳಲಿಲ್ಲ. ಅತ್ತಿದ್ದರೆ ನಾನು ಕೆಳಗಿಳಿದು ಹೋಗುತ್ತಿದ್ದೆ, ಅಳುವವರ ಹತ್ತಿರ ಕೂಡುವುದು ನನಗೆ ಆಗುವುದಿಲ್ಲ. ಅವಳು ಸುಮ್ಮನೆ ಕುಳಿತಿದ್ದಳು, ಅದಕ್ಕೆ ಕೇಳಿದೆ.

"ಬಿ.ಎಡ್ ಮಾಡಿದ್ರ ಏನ ಕೆಡತೈತಿ?"

"ಏನೂ ಕೆಡಂಗಿಲ್ಲ ಆಯಿ. ಚಲೋನ ಆಕ್ಕೈತಿ. ಆದ್ರ ಇದು ಬಿಟ್ಟೋಕ್ಕೈತಿ. ಒಮ್ಮಿ ಬಿಟ್ಟರ ನಾ ಮತ್ತ ಹಿಡ್ಯಾಂಗಿಲ್ಲ, ನನಗ ನಾ ಗೊತ್ತು."

ಅವತ್ತಿನಿಂದ ಆ ಖೋಲಿಯ ಗಾಳಿಯೇ ಬದಲಾಯಿತು. ಮೊದಲು ಅವಳು ಕೋಟೆಯನ್ನು ಸಣ್ಣದು ಮಾಡಲು ನೋಡಿದಳು. ಸೈನ್ಯ ಬೇಡ, ಸಂತೆ ಬೇಡ, ಅಗಸಿ ಬಾಗಿಲೊಂದೇ ಸಾಕು ಎಂದಳು. ಬಾಗಿಲು ಬಂತು. ಬಾಗಿಲು ಎಂದ ಮೇಲೆ ಕಾವಲುಗಾರ ಬೇಕು. ಕಾವಲುಗಾರ ಎಂದ ಮೇಲೆ ಅವನಿಗೆ ಈಟಿ ಬೇಕು. ಈಟಿ ಹಿಡಿದರೆ ಅವನ ಕೈ ಮೊಣಕೈಯಲ್ಲಿ ಮುರಿದಂತೆ ತಿರುಗುತ್ತಿತ್ತು. ಊಟಕ್ಕೆ ಕರೆಯಲು ಬಂದ ಸೊಸೆ ಅದನ್ನು ನೋಡಿ, "ಇಂವಾ ಯಾರ್ರಿ ಅತ್ತಿ, ಲಕ್ವಾ ಹೊಡದಾವ್ರಂಗ ನಿಂತಾನ," ಎಂದಳು. ಭಾಗ್ಯಾ ಊಟಕ್ಕೆ ಬರಲಿಲ್ಲ. ಆಷಾಢ ಮುಗಿಯುತ್ತ ಬಂದಿತ್ತು. ಕೆಳಗೆ ಅಂಗಡಿಯಲ್ಲಿ ಕಂಪ್ಯೂಟರ್ ಇಡಲು ಈರಣ್ಣ ಒಂದು ಮೂಲೆ ಖಾಲಿ ಮಾಡಿಸುತ್ತಿದ್ದ. ಚೀಲ ಎಳೆಯುವ ಸಪ್ಪಳ ಮೇಲಿನವರೆಗೆ ಬರುತ್ತಿತ್ತು. ಪ್ರತಿ ಸಪ್ಪಳಕ್ಕೂ ಅವಳ ಹೆಗಲು ಜಗ್ಗುತ್ತಿತ್ತು.

ಆ ಹೆಗಲು ನೋಡಿಯೇ ನನಗೆ ಸಿಟ್ಟು ಬಂದದ್ದು. ಥೇಟ್ ನಮ್ಮ ಮನೆಯವರ ಹೆಗಲು.

"ನಿಮ್ಮಜ್ಜನ ರಕ್ತ ನಿಂದು," ಎಂದೆ. "ಕೆರಿ ತನಕಾ ಒಗದು ಗೊತ್ತಿಲ್ಲ, ರೋಣಕ್ಕ ಒಗ್ಯಾಕ ಹೊಂಟೀರಿ."

"ಏನ ಒಗ್ಯಾಕ?"

ಅವಳಿಗೆ ಗೊತ್ತಿರಲಿಲ್ಲ. ಅವಳ ಅಜ್ಜನ ಬಲಗೈ ಎದೆಯ ಮೇಲಕ್ಕೆ ಏಳುತ್ತಿರಲಿಲ್ಲ ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಎನ್ನುವುದನ್ನು ಯಾರೂ ಮಾತಾಡುತ್ತಿರಲಿಲ್ಲ. ಈರಣ್ಣನ ಮುಂದಂತೂ ಆ ಮಾತು ಎತ್ತುವ ಹಾಗೇ ಇರಲಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ನಿಂಬೆಹಣ್ಣು. ಇಂಥಲ್ಲಿಂದ ಇಂಥಲ್ಲಿಗೆ ಇಷ್ಟು ಎಸೆತದೊಳಗೆ ಹಣ್ಣು ಮುಟ್ಟಿಸುತ್ತೇನೆ ಎಂದು ಪಂಥ ಕಟ್ಟುತ್ತಾರೆ. ಹಣ್ಣು ಎಲ್ಲಿ ನಿಂತಿತೋ ಅಲ್ಲಿಂದಲೇ ಮತ್ತೆ ಎಸೆಯಬೇಕು. ಕಂಟಿಯಲ್ಲಿ ಬೀಳಲಿ, ತಿಪ್ಪೆಯಲ್ಲಿ ಬೀಳಲಿ, ಅಲ್ಲಿಂದಲೇ. ಒಡೆದರೆ ಬೇರೆ ಹಣ್ಣು ಕೊಡುತ್ತಾರೆ, ಬೇರೆ ಜಾಗ ಕೊಡುವುದಿಲ್ಲ. ಮೊದಲ ವರ್ಷ ಎಲ್ಲರೂ ಅಗಸಿಯಿಂದ ಕೆರೆಯ ಏರಿಯವರೆಗೆ ಎಸೆದು ತಮ್ಮ ಕೈ ಎಷ್ಟು ಎಂದು ನೋಡಿಕೊಳ್ಳುತ್ತಾರೆ. ನಮ್ಮ ಮನೆಯವರು ಅದಕ್ಕಿಂತ ಮೊದಲು ಒಮ್ಮೆಯೂ ಎಸೆದವರಲ್ಲ. ಓಣಿಯ ಫಕೀರಪ್ಪ ಎನ್ನುವವರು ಕಟ್ಟೆಯ ಮೇಲೆ ಕುಳಿತು, "ಕೆರಿ ತನಕಾ ಒಗಿಯಪಾ, ಈ ವರ್ಷಕ್ಕ ಅಷ್ಟ ಸಾಕು," ಎಂದರು. ಇವರು, "ಕೆರಿ ತನಕಾ ನಮ್ಮವ್ವನೂ ಒಗೀತಾಳ. ನಾ ರೋಣದ ಅಗಸಿಗೆ ಮುಟ್ಟಸ್ತೀನಿ," ಎಂದುಬಿಟ್ಟರು. ಕೆರೆ ಊರ ಮುಂದೇ ಇದೆ, ರೋಣ ಮೈಲುಗಟ್ಟಲೆ ದೂರ. ಸೋತವರು ಗೆದ್ದವರ ಮನೆಗೆ ಡಬ್ಬಿ ತುಂಬ ಉಂಡಿ ಕೊಡಬೇಕು, ಅಷ್ಟೇ ಪಂಥ. ಉಂಡಿ ಯಾರಿಗೆ ಬೇಕಾಗಿತ್ತು? ಮಾತು ಬಿದ್ದಿತ್ತು.

ಗಟ್ಟಿ ನೆಲಕ್ಕೆ ಬಿದ್ದ ಹಣ್ಣು ಪುಟಿದು ಉರುಳುತ್ತದೆ. ಆ ಉರುಳುವುದರಲ್ಲೇ ಬಹಳ ದಾರಿ ಸಾಗುತ್ತದೆ. ಇವರು ಬೇಸಿಗೆಯಲ್ಲಿ ಬಂಡಿಯ ದಾರಿಯಲ್ಲಿ ನಡೆದು ಲೆಕ್ಕ ಹಾಕಿದ್ದರು. ಪಂಚಮಿ ಶ್ರಾವಣದ ಮಳೆಯಲ್ಲಿ ಬರುತ್ತದೆ ಎಂದು ತೊಟ್ಟಿಲ ಕೂಸಿಗೂ ಗೊತ್ತು. ಇವರಿಗೂ ಗೊತ್ತಿತ್ತು. ಪಂಥ ಕಟ್ಟುವಾಗ ಮಾತ್ರ ಗೊತ್ತಿರಲಿಲ್ಲ.

ಆ ವರ್ಷ ಅತ್ತೆಗೆ ಹುಷಾರಿಲ್ಲದೆ ನನ್ನನ್ನು ತವರಿಗೆ ಕಳಿಸಿರಲಿಲ್ಲ. ಈರಣ್ಣನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹೊಲದ ಬದುವಿನಲ್ಲಿ ನಿಂತು ನೋಡಿದೆ. ಕೆರೆಯ ತನಕ ಹಣ್ಣು ಹಕ್ಕಿಯ ಹಾಗೆ ಹೋಯಿತು. ಜನ ಸಿಳ್ಳೆ ಹಾಕಿದರು. ಕೆರೆ ದಾಟಿದರೆ ದಾರಿಯೆಲ್ಲ ಕಪ್ಪು ಎರೆಹೊಲ. ಹಿಂದಿನ ದಿನ ಮಳೆಯಾಗಿತ್ತು. ನಮ್ಮ ಎರೆಮಣ್ಣು ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಹೇಳಿ ತಿಳಿಸುವುದು ಕಷ್ಟ. ತೋಯ್ದರೆ ಅದು ಹಿಡಿದದ್ದನ್ನು ಬಿಡುವುದಿಲ್ಲ. ಹಣ್ಣು ಬಿದ್ದಲ್ಲೇ ಹೂತಿತು. ಇವರ ಕಾಲು ಮೊಣಕಾಲಿನವರೆಗೆ ಇಳಿಯಿತು. ಓಡಿ ಬಂದು ಎಸೆಯುವಂತಿಲ್ಲ, ಮೈ ತಿರುವುವಂತಿಲ್ಲ, ಬರೀ ತೋಳಿನಿಂದ ಎಸೆಯಬೇಕು. ಎಸೆದರು. ನಾಲ್ಕು ಮಾರು ಹೋಗಿ ಮತ್ತೆ ಹೂತಿತು. ಮತ್ತೆ ಎಸೆದರು. ಫಕೀರಪ್ಪನವರೇ, "ಸಾಕ ಬಿಡಪಾ, ಉಂಡಿ ನಾನ ಕೊಡ್ತೀನಿ, ಬಾ ಮ್ಯಾಲ," ಎಂದು ಕೂಗಿದರು. ಇವರು ಮತ್ತೆ ಎಸೆದರು. ಹೆಗಲಲ್ಲಿ ಏನೋ ಕಳಚಿದ್ದು ಬದುವಿನ ಮೇಲೆ ನಿಂತ ನನಗೆ ಕಂಡಿತು, ಕೈ ಬೇರೆ ಆಕಾರಕ್ಕೆ ತಿರುಗಿತು. ಆ ಕೈಯಿಂದಲೇ ಇನ್ನೂ ಎಸೆದರು. ನನ್ನಿಂದ ಆಗುವುದಿಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅದನ್ನು ಹೇಳಿದ್ದರೆ ತೋಳು ಉಳಿಯುತ್ತಿತ್ತು. ಹೇಳಲಿಲ್ಲ, ಉಳಿಯಲಿಲ್ಲ. ಮುಂದೆ ಸಾಯುವ ತನಕ ಎಡಗೈಯಲ್ಲಿ ಎತ್ತು ಹೊಡೆದರು, ಎಡಗೈಯಲ್ಲಿ ಉಂಡರು. ಈರಣ್ಣ ತಿಳಿವಳಿಕೆ ಬಂದಾಗಿನಿಂದ ಆ ಕೈ ನೋಡಿಯೇ ಬೆಳೆದ. ದೊಡ್ಡ ಮಾತಾಡುವವರನ್ನು ಕಂಡರೆ ಅವನಿಗೆ ಯಾಕೆ ಮೈ ಉರಿಯುತ್ತದೆ ಎಂದು ಬೇರೆ ಹೇಳಬೇಕೇ?

ಭಾಗ್ಯಾ ಎಲ್ಲ ಕೇಳಿದಳು. ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದೇ ಬೇರೆ.

"ಆಯಿ, ಒಗಿಯೂದು, ಬಿದ್ದಲ್ಲಿಂದ ಮತ್ತ ಒಗಿಯೂದು. ಅಷ್ಟ ಏನು?"

"ಅಷ್ಟ."

"ಮತ್ತೇನಿಲ್ಲ?"

"ಮತ್ತೇನ ಬೇಕ ನಿನಗ, ಕುದರಿ?"

ಅವಳು ಕುರ್ಚಿ ತಿರುಗಿಸಿಕೊಂಡಳು. ಸಂಜೆಯೊಳಗೆ ಕಂಪ್ಯೂಟರಿನಲ್ಲಿ ಒಂದು ಬೂದು ಗೆರೆ, ಅದರ ಮೇಲೆ ಹಳದಿ ಚುಕ್ಕೆ. ಗೆರೆ ರಸ್ತೆ, ಚುಕ್ಕೆ ಹಣ್ಣು. "ಒತ್ತಿ ಹಿಡಿ, ಆಮ್ಯಾಲ ಬಿಡು," ಎಂದಳು. ನಾನು ಒತ್ತಿ ಬಿಟ್ಟೆ. ಹಣ್ಣು ಹಿಂದಕ್ಕೆ ಹೋಗಿ ಸವಡಿಯೊಳಗೇ ಬಿತ್ತು. ಅವಳು ಅದನ್ನು ಸರಿ ಮಾಡಿದಳು. ಎಷ್ಟು ಹೊತ್ತು ಹಿಡಿಯಬೇಕು ಎಂದು ನನಗೆ ತಿಳಿಯುತ್ತಿಲ್ಲ ಎಂದೆ. ಹಿಂದಕ್ಕೆ ಜಗ್ಗುವ ಒಂದು ತೋಳು ಬರೆದಳು. ಅದು ಬಲದೋಳೇ. ಮತ್ತೆ ಒತ್ತಿ ಬಿಟ್ಟೆ. ಹಣ್ಣು ಮುಂದಕ್ಕೆ ಹೋಯಿತು, ಪುಟಿಯಿತು, ಉರುಳಿತು, ನಿಂತಿತು. ಒಂದು ವರ್ಷದಲ್ಲಿ ಮೊದಲ ಸಲ ಆ ಖೋಲಿಯಲ್ಲಿ ಒಂದು ವಸ್ತು ಹೇಳಿದ ಮಾತು ಕೇಳಿತ್ತು.

ಇನ್ನೇನು ದಾರಿಗೆ ಬಂತು ಎನ್ನುವಾಗ ಅವಳಿಗೆ ಹಳೆಯ ಜಡ್ಡು ಮರುಕಳಿಸಿತು. ಒಂದು ಮಧ್ಯಾಹ್ನ ಮೇಲೆ ಹೋದರೆ ರಸ್ತೆಯ ಮೇಲೆ ಬಂಡಿ ಓಡಾಡುತ್ತಿತ್ತು. ಮರುದಿನ ಸಿಳ್ಳೆ ಹಾಕುವ ಜನ ಬಂದರು. ಸುತ್ತಲ ಊರುಗಳಾದ ಅಬ್ಬಿಗೇರಿಗೊಂದು ದಾರಿ, ಲಕ್ಕಲಕಟ್ಟಿಗೊಂದು ದಾರಿ, ಹಣ್ಣು ಕೊಳ್ಳಲು ಒಂದು ಅಂಗಡಿ. ಒಂದು ನಾಯಿ ಬೇರೆ, ಹಣ್ಣು ಕಚ್ಚಿಕೊಂಡು ಓಡುವಂಥದು. ನಾಯಿ ಬಂದ ದಿನ ಹಣ್ಣು ಉರುಳುವುದೇ ನಿಂತಿತು. ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಿ ಹುಡುಕಿ ಅವಳ ಕಣ್ಣು ಕೆಂಪಾದವು.

"ಪಂಚಮಿ ಯಾವತ್ತು?" ಎಂದೆ.

ಅವಳು ನಾಯಿಯನ್ನು ಮತ್ತೊಮ್ಮೆ ಓಡಿಸಿ ನೋಡಿದಳು.

"ನಾ ಕೇಳಾಕತ್ತೀನಿ. ಯಾವತ್ತು?"

"ಗೊತ್ತೈತಿ ಬಿಡ ಆಯಿ."

ನಾನು ಇಳಿದು ಹೋದೆ. ಮತ್ತೆ ಮೇಲೆ ಹೋಗಬಾರದು ಎಂದೇ ಇಳಿದೆ. ಅವಳು ಕಂಪ್ಯೂಟರ್ ಕಳೆದುಕೊಳ್ಳುವುದನ್ನು ಬದುವಿನ ಮೇಲೆ ನಿಂತು ನೋಡಲು ನನಗೆ ಮನಸ್ಸಿರಲಿಲ್ಲ, ಒಮ್ಮೆ ನೋಡಿದ್ದು ಸಾಕಾಗಿತ್ತು. ಆದರೆ ಕೆಳಗೆ ಸೆಕೆ. ಮರುದಿನ ಫ್ಯಾನಿನ ನೆಪದಲ್ಲಿ ಹತ್ತಿದೆ. ಅಬ್ಬಿಗೇರಿ ಹೋಗಿತ್ತು. ಲಕ್ಕಲಕಟ್ಟಿ ಹೋಗಿತ್ತು. ಅಂಗಡಿ, ಬಂಡಿ, ಜನ, ಎಲ್ಲ ಖಾಲಿ. ಸವಡಿಯಿಂದ ರೋಣಕ್ಕೆ ಒಂದೇ ದಾರಿ, ಒಂದು ತೋಳು, ಒಂದು ಹಣ್ಣು.

"ನಾಯಿ?"

"ತಗದೆ."

"ನಾಯಿ ಚಲೋ ಇತ್ತಲ್ಲ."

"ಚಲೋ ಇತ್ತಂತನ ಕಡೀಕ ತಗದೆ," ಎಂದಳು.  ನಾಯಿ ಹೋದದ್ದು ನನಗೂ ಸರಿ ಕಾಣಲಿಲ್ಲ ಎಂದು ಈಗ ಹೇಳುತ್ತೇನೆ, ಆಗ ಹೇಳಲಿಲ್ಲ.

ಆದರೆ ಕೆರೆ ದಾಟಿದ ಮೇಲೆ ದಾರಿ ಕಪ್ಪಗಾಗಿತ್ತು. ಕೆಸರು. ಅದನ್ನು ಅವಳು ಇಟ್ಟಿದ್ದಳು. ಹಣ್ಣು ಅದರಲ್ಲಿ ಬಿದ್ದ ಕೂಡಲೇ ಕಂಪ್ಯೂಟರ್ ನಿಂತೇಬಿಡುತ್ತಿತ್ತು, ಏನು ಒತ್ತಿದರೂ ಅಲುಗುತ್ತಿರಲಿಲ್ಲ.

"ಈ ಕೆಸರ ತಗಿ," ಎಂದೆ.

"ಇದನ್ನ ತಗಿಯಂಗಿಲ್ಲ."

"ನಾಯಿ ತಗದಿ, ಇದು ಯಾಕ ಬ್ಯಾಡ? ಇದರಿಂದನ ನಿಂದು ನಿಲ್ಲಾಕತ್ತೈತಿ. ಇನ್ನ ದಿನಾ ಎಲ್ಲಿ ಅದಾವು?"

"ಕೆಸರಿಲ್ದಿದ್ರ ಸುಮ್ಮ ಒಗಕೋತ ಹೋಗೂದ ಆಯಿ. ಆಟ ಇರೂದ ಇಲ್ಲಿ."

"ನಿಮ್ಮಪ್ಪ ನೋಡಿದ್ರ?"

 ಈರಣ್ಣ ಆ ಕಪ್ಪು ನೆಲ, ಆ ತೋಳು ಕಂಡರೆ ಏನು ಮಾಡುತ್ತಾನೆ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ತನ್ನ ಅಪ್ಪನ ಕೈಯನ್ನು ಆಟಕ್ಕಿಟ್ಟಳು ಎಂದು ಸಿಟ್ಟಾದರೆ ಆಟ ಮುಗಿದಿದ್ದರೂ ಮುಗಿಯದಂತೆ. ನಾನು ಮೂರು ಸಲ ಹೇಳಿದೆ, ಮೂರು ಸಲವೂ ಅವಳು ಒಲ್ಲೆ ಎಂದಳು. ಇಷ್ಟು ಗಟ್ಟಿಯಾಗಿ ಅವಳು ಕೋಟೆಗೂ ಹಟ ಹಿಡಿದಿರಲಿಲ್ಲ. ಕಡೆಗೆ, "ತಡಿ, ಬರೇ ಕೆಸರ ಇರಂಗಿಲ್ಲ," ಎಂದಳು. ಆಮೇಲೆ ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಬಂತು. ಅದರ ಮೇಲೆ 'ಸಾಕು' ಎಂದು ಬರೆದಿತ್ತು. ಯಾಕೆ ಎಂದು ಕೇಳಿದೆ. "ಆಟ ಮುಗೀಬೇಕಲ್ಲ," ಎಂದಳು, ಅಷ್ಟೇ. ನನಗೆ ತಿಳಿಯಲಿಲ್ಲ. ಅದನ್ನು ಒತ್ತಿಯೂ ನೋಡಲಿಲ್ಲ, ಕೆಸರು ಬಂದಾಗ ನಾನು ಕಣ್ಣು ಬೇರೆ ಕಡೆ ಮಾಡುತ್ತಿದ್ದೆ.

ಪಂಚಮಿ ಬಂತು. ನನ್ನ ಹೆಣ್ಣುಮಕ್ಕಳಿಬ್ಬರೂ ಅವರ ಮಕ್ಕಳೂ ಬಂದಿಳಿದರು. ಹಿತ್ತಲ ಬೇವಿಗೆ ಜೋಕಾಲಿ ಕಟ್ಟಿದರು. ನಾಗಪ್ಪನಿಗೆ ಹಾಲೆರೆದೆವು. ಶೇಂಗಾ ಉಂಡಿ, ಎಳ್ಳುಂಡಿ ಮನೆಯೆಲ್ಲ ಘಮ್ ಎನ್ನುತ್ತಿತ್ತು. ಭಾಗ್ಯಾ ಒಂದೂ ಬಾಯಿಗೆ ಹಾಕಲಿಲ್ಲ. ಕೆಸರಿನಲ್ಲಿ ಆಟ ನಿಂತುಹೋಗುವ ಗಂಟು ಅವತ್ತು ಬೆಳಿಗ್ಗೆಯಷ್ಟೇ ಬಿಚ್ಚಿತ್ತು. ಈರಣ್ಣ ಹೊಸ ಧೋತರ ಉಟ್ಟು ಅಂಗಳದ ಕಟ್ಟೆಗೆ ಕುಳಿತು ಕೈ ಚಾಚಿದ.

"ತೋರಸವಾ. ಕಂಪ್ಯೂಟರಿನ್ಯಾಗ ಬ್ಯಾಡ. ನನ್ನ ಫೋನಿನ್ಯಾಗ."

ಅವಳು ಅವನ ಫೋನಿಗೆ ಹಾಕಿಕೊಟ್ಟಳು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಈರಣ್ಣ ಸ್ವಲ್ಪ ಹೊತ್ತು ನೋಡಿ ಫೋನನ್ನು ಕಟ್ಟೆಯ ಮೇಲೆ ಬೋರಲಾಗಿಟ್ಟು ಒಂದು ಉಂಡಿ ತೆಗೆದುಕೊಂಡ. ಅದನ್ನು ಮುರಿದು ಅರ್ಧ ಬಾಯಿಗಿಟ್ಟ.   ಭಾಗ್ಯಾ ಫೋನು ಎತ್ತಿಕೊಂಡು ಏನೋ ತಡಕಾಡಿದಳು.

"ಅಪ್ಪಾ, ಇದರಾಗ ಜಾಗಾನ ಇಲ್ಲ. ಸ್ವಲ್ಪ ಅಳಸ್ಲೇನು?"

"ಏನ ಅಳಸ್ತೀ? ಬೇಕಾಗಿದ್ದು ಇರ್ತಾವು."

"ಶುಭ ಮುಂಜಾನಿ, ಹೂವಿನ ಚಿತ್ರಾ. ಹ್ವಾದ ವರ್ಷದ್ದಪ್ಪಾ. ಆ ಮುಂಜಾನಿ ಎಲ್ಲಾ ಮುಗದು ಹ್ವಾದುವು."

ನನ್ನ ದೊಡ್ಡ ಮಗಳು ಸೆರಗು ಬಾಯಿಗೆ ಒತ್ತಿಕೊಂಡಳು. ಈರಣ್ಣ ನಗಲಿಲ್ಲ. "ಅಳಸು," ಎಂದ. ಅವಳು ಅಳಿಸಿ ಫೋನು ಅವನ ಕೈಗೆ ಕೊಟ್ಟಳು. ಈ ಸಲ ದಾರಿ ಬಂತು. ಹಣ್ಣು ಬಂತು. ತೋಳು ಬಂತು.

ಎಸೆದ. ಕೆರೆಯವರೆಗೆ ಹಣ್ಣು ಹಕ್ಕಿಯ ಹಾಗೆ ಹೋಯಿತು. ಮಕ್ಕಳು ಜೋಕಾಲಿ ಬಿಟ್ಟು ಬಂದು ಅವನ ಹೆಗಲ ಮೇಲೆ ಬಿದ್ದರು. ಕಪ್ಪು ನೆಲ ಬಂದಾಗ ಅವನ ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ.

"ಇದನ್ನ ನೀ ಹೇಳಿದ್ದೇನವಾ?"

"ನಾನ ಹೇಳಿದ್ದು," ಎಂದೆ. ಇನ್ನೇನು ಹೇಳಲಿ.

ಅವನು ಮತ್ತೆ ಫೋನಿನ ಕಡೆ ಬಗ್ಗಿದ. ಕೆಸರಿನಿಂದ ಎಸೆದ, ನಾಲ್ಕು ಮಾರು. ಮತ್ತೆ ಎಸೆದ, ಮತ್ತೆ. ಪ್ರತಿ ಎಸೆತಕ್ಕೂ ಪರದೆಯ ಮೇಲಿನ ತೋಳು ಒಂದಿಷ್ಟು ಕೆಳಗೆ ಇಳಿಯುತ್ತಿತ್ತು. ಕಡೆಗೆ ಪೂರಾ ಜೋತುಬಿತ್ತು. ಆಟ ಮುಗಿಯಿತು. ಏನೂ ಬರೆದು ಬರಲಿಲ್ಲ, ದಾರಿ ಮಾತ್ರ ಖಾಲಿಯಾಗಿ ಕಂಡಿತು.  ಅವನು ಫೋನು ಒಗೆದು ಎದ್ದು ಹೋಗುತ್ತಾನೆ ಎಂದೇ ನಾನು ತಿಳಿದೆ. ಭಾಗ್ಯಾ ಕಂಬ ಹಿಡಿದು ನಿಂತಿದ್ದಳು.

ಅವನು ಎರಡನೇ ಸಲ ಶುರು ಮಾಡಿದ. ಕೆರೆ ದಾಟಿದ. ಹಣ್ಣು ಕೆಸರಿಗೆ ಬಿತ್ತು. ಒಮ್ಮೆ ಎಸೆದ, ತೋಳು ಸ್ವಲ್ಪ ಇಳಿಯಿತು. ಅವನ ಹೆಬ್ಬೆರಳು ಪರದೆಯ ಮೇಲೆ ಹಾಗೇ ತೂಗುತ್ತಿತ್ತು.  ಆಮೇಲೆ ಬೆರಳು ಮೂಲೆಗೆ ಸರಿಯಿತು. 'ಸಾಕು' ಒತ್ತಿದ. ಪರದೆಯ ಮೇಲೆ ದಾರಿಯೆಲ್ಲ ಒಮ್ಮೆಲೇ ಕಂಡಿತು. ಹಣ್ಣು ನಿಂತಲ್ಲಿ ಒಂದು ಸಣ್ಣ ಬಾವುಟ ಏರಿತು, ತೋಳು ನೆಟ್ಟಗಾಗಿ ಬೆವರು ಒರೆಸಿಕೊಂಡಿತು. ಕೆಳಗೆ ಬರೆದಿತ್ತು: 'ಇಲ್ಲಿಯ ತನಕ ಬಂದಿರಿ.'

ಈರಣ್ಣ ಅದನ್ನು ಬಹಳ ಹೊತ್ತು ನೋಡಿದ. ಓದಲು ಅಷ್ಟು ಹೊತ್ತು ಬೇಕಾದದ್ದಲ್ಲ. ಆಮೇಲೆ ತಲೆ ಎತ್ತದೆ ಕೇಳಿದ.

"ಮತ್ತ ನಿನ್ನ ಆ ಕ್ವಾಟಿ?"

"ಅದು ನನ್ನಿಂದ ಆಗಂಗಿಲ್ಲಪ್ಪಾ," ಎಂದಳು ಭಾಗ್ಯಾ. "ಈಗ ಆಗಂಗಿಲ್ಲ."

ನಮ್ಮ ಮನೆತನದಲ್ಲಿ ಆ ಮಾತು ಯಾರ ಬಾಯಿಂದಲೂ ಬಂದದ್ದನ್ನು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಉಳಿದ ಅರ್ಧ ಉಂಡಿಯನ್ನು ಮಗಳ ಕೈಯಲ್ಲಿಟ್ಟ.

"ಕಂಪ್ಯೂಟರ್ ಮ್ಯಾಲ ಇರಲಿ. ಅಂಗಡಿಗೆ ಬ್ಯಾರೆ ನೋಡೂಣು," ಎಂದ. ಮಕ್ಕಳು ಫೋನು ಕಸಿಯಲು ಬಂದಾಗ, "ಏ, ತಡೀರ್ಯೋ, ಇನ್ನೊಮ್ಮಿ ನಂದು," ಎಂದು ಮೈ ತಿರುಗಿಸಿ ಕುಳಿತ. ಮರುದಿನ ಅರ್ಜಿಯ ಮಾತು ಯಾರೂ ಎತ್ತಲಿಲ್ಲ. ಭಾಗ್ಯಾ ಅವತ್ತು ಎಷ್ಟು ಉಂಡಿ ತಿಂದಳೆಂದರೆ ರಾತ್ರಿ ಓಮಿನ ನೀರು ಕುದಿಸಬೇಕಾಯಿತು.

ಈಗ ಎರಡು ವರ್ಷವಾಯಿತು. ಅವಳು ಇನ್ನೂ ಎರಡು ಸಣ್ಣ ಆಟ ಮುಗಿಸಿದ್ದಾಳೆ. ಒಂದರಲ್ಲಿ ಆ ನಾಯಿ ಬಂದಿದೆ. ಕೋಟೆ ಇನ್ನೂ ಇಲ್ಲ. ಕುದುರೆ ಗೋಡೆಯಲ್ಲೇ ಇದೆ, ಅಳಿಸಿಲ್ಲ, ನಾನು ಕೇಳಿದರೆ "ಇರಲಿ ಬಿಡ ಆಯಿ, ಅದಕ್ಕೇನ ಅವಸರಿಲ್ಲ," ಎನ್ನುತ್ತಾಳೆ. ನಾನೂ ಮಧ್ಯಾಹ್ನ ಫ್ಯಾನಿನ ಕೆಳಗೆ ನಿಂಬೆಹಣ್ಣು ಎಸೆಯುತ್ತೇನೆ. ರೋಣ ಒಮ್ಮೆಯೂ ಮುಟ್ಟಿಲ್ಲ. ಕೆಸರು ಬಂದಾಗ ಈಗ ಕಣ್ಣು ತಿರುಗಿಸುವುದಿಲ್ಲ. 'ಸಾಕು' ಒತ್ತುತ್ತೇನೆ. ಆ ತೋಳು ಬೆವರು ಒರೆಸಿಕೊಳ್ಳುವುದನ್ನು ನೋಡುತ್ತೇನೆ. ನೋಡಿ ಫೋನು ಮುಚ್ಚಿ ಮಲಗುತ್ತೇನೆ.

ಇಷ್ಟು ಬರೆದು ಮತ್ತೆ ಈಳಿಗೆಗೆ ಹೋದೆ. ಬುಟ್ಟಿಯ ತಳದಲ್ಲಿ ಸಣ್ಣ, ಗಟ್ಟಿ ಹಣ್ಣೊಂದು ಉಳಿದಿತ್ತು. ಪಂಥಕ್ಕೆ ಹುಡುಕುವಂಥದು, ಉಪ್ಪಿನಕಾಯಿಗೆ ಬಾರದು. ಸುತ್ತ ಯಾರೂ ಇರಲಿಲ್ಲ. ಮುದುಕಿಗೆ ಹುಚ್ಚು ಹಿಡಿಯಿತೇ ಎಂದು ಕೇಳುವ ಸೊಸೆಯೂ ಸಂತೆಗೆ ಹೋಗಿದ್ದಳು. ಎದ್ದು ನಿಂತೆ. ಹೆಗಲು ಒಮ್ಮೆ ತಿರುವಿ ನೋಡಿಕೊಂಡೆ. ಅಂಗಳದ ಆ ಬದಿಯ ಕಟ್ಟೆಯ ಕಡೆ ಎಸೆದೆ.

ಹಣ್ಣು ಪುಟಿಯಿತು, ಸ್ವಲ್ಪ ಉರುಳಿತು, ಕಟ್ಟೆಗೆ ತಾಗಿ ನಿಂತಿತು. ಕಟ್ಟೆಯ ತನಕ ಎಂದೇ ಎಸೆದಿದ್ದೆ.